ಪಡಿಯಚ್ಚಿನಲ್ಲಿ ಅಡಗಿದ ತಪ್ಪು

2023ರಲ್ಲಿ ಗೂಗಲ್ ಕ್ಲೌಡ್‌ನ ಸಿಬ್ಬಂದಿ ಆಸ್ಟ್ರೇಲಿಯದ ಪಿಂಚಣಿ ನಿಧಿಯೊಂದಕ್ಕೆ ಕಂಪ್ಯೂಟರ್ ವ್ಯವಸ್ಥೆ ಸಜ್ಜುಗೊಳಿಸುವಾಗ ಒಂದು ಕಾಲಂ ಖಾಲಿ ಬಿಟ್ಟರು. ಆ ಕಾಲಂ ಇದ್ದದ್ದು ಕಂಪನಿಯ ಒಳಬಳಕೆಯ ತಂತ್ರಾಂಶದಲ್ಲಿ. ಅದು ಖಾಲಿ ಇದ್ದರೆ ‘ಅವಧಿ ಒಂದು ವರ್ಷ’ ಎಂದು ತಂತ್ರಾಂಶ ತಾನೇ ತೀರ್ಮಾನಿಸಿಕೊಳ್ಳುತ್ತದೆ ಎಂಬುದು ಯಾರ ಗಮನದಲ್ಲೂ ಇರಲಿಲ್ಲ. ವರ್ಷ ತುಂಬಿತು. 2024ರ ಮೇ ತಿಂಗಳ ಆರಂಭದಲ್ಲಿ ತಂತ್ರಾಂಶ ಅವಧಿ ಮುಗಿದ ಆ ವ್ಯವಸ್ಥೆಯನ್ನು ಅಳಿಸಿಹಾಕಿತು. ಗ್ರಾಹಕರೇ ಅಳಿಸಲು ಕೋರಿದ್ದರೆ ಮೊದಲು ಒಂದು ಎಚ್ಚರಿಕೆ ಸಂದೇಶ ಹೋಗುತ್ತಿತ್ತು. ಇಲ್ಲಿ ಯಾರೂ ಕೋರಿರಲಿಲ್ಲ, ಹಾಗಾಗಿ ಸಂದೇಶವೂ ಹೋಗಲಿಲ್ಲ. ಯುನಿಸೂಪರ್ ಎಂಬ ಆ ನಿಧಿಯ ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲಾಗಲಿಲ್ಲ. ನಿಧಿಯ ಗಾತ್ರ ಸುಮಾರು 12,500 ಕೋಟಿ ಆಸ್ಟ್ರೇಲಿಯನ್ ಡಾಲರ್.

ಹಣ ಎಲ್ಲಿಗೂ ಹೋಗಲಿಲ್ಲ. ಬ್ಯಾಕಪ್ ಇತ್ತು, ಬೇರೊಂದು ಕಂಪನಿಯ ಬಳಿಯೂ ಒಂದು ಪ್ರತಿ ಇತ್ತು, ಎಲ್ಲವೂ ಮರಳಿ ಬಂತು. ಆದರೂ ಈ ಪ್ರಕರಣವನ್ನು ಮತ್ತೆ ಮತ್ತೆ ನೋಡಬೇಕು. ಇದರಲ್ಲಿ ಕಳ್ಳನಿಲ್ಲ, ವೈರಸ್ ಇಲ್ಲ, ಕೆಟ್ಟುಹೋದ ಯಂತ್ರವೂ ಇಲ್ಲ. ಪ್ರತಿಯೊಂದು ಭಾಗವೂ ತನಗೆ ಹೇಳಿದ್ದನ್ನೇ ಮಾಡಿತ್ತು. ಬ್ಯಾಂಕು, ವಿಮೆ, ವಿಮಾನಯಾನ, ಸರಕಾರಿ ಕಚೇರಿಗಳ ದಿನನಿತ್ಯದ ಕೆಲಸವನ್ನು ನಾವು ಇದೇ ಬಗೆಯ ವ್ಯವಸ್ಥೆಗಳಿಗೆ ಒಪ್ಪಿಸುತ್ತಿದ್ದೇವೆ.

ಅಳಿಸಿಹೋದದ್ದು ವರ್ಚುವಲ್ ಮಷೀನ್‌ಗಳ ಒಂದು ಗುಂಪು. ಹಾಗೆಂದರೆ ಯಂತ್ರದೊಳಗಿನ ಯಂತ್ರ. ಹಳೇ ಬೆಂಗಳೂರಿನ ವಠಾರವನ್ನು ನೆನೆಸಿಕೊಳ್ಳಿ: ಕಟ್ಟಡ ಒಂದೇ, ಒಳಗೆ ಹತ್ತು ಸಂಸಾರ. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ಪಕ್ಕದ ಮನೆಯಲ್ಲಿ ಸಾರು ಉಕ್ಕಿದರೆ ಇವರಿಗೇನೂ ಆಗುವುದಿಲ್ಲ. ನೀರು, ಕರೆಂಟು, ಮುಂಬಾಗಿಲಿನ ಬೀಗ ಮಾತ್ರ ಮಾಲೀಕರ ಕೈಯಲ್ಲಿ. ಒಂದು ದೊಡ್ಡ ಸರ್ವರನ್ನು ಹೀಗೆ ಹತ್ತಾರು ತೋರಿಕೆಯ ಕಂಪ್ಯೂಟರುಗಳಾಗಿ ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ವಠಾರದ ಮಾಲೀಕರ ಪಾತ್ರ ಅದರದು. ಉಪಾಯ ಹೊಸದಲ್ಲ. ಐಬಿಎಂ 1972ರಲ್ಲೇ ಇದನ್ನು ಮಾರುಕಟ್ಟೆಗೆ ತಂದಿತ್ತು. ಮಾಮೂಲಿ ಕಂಪ್ಯೂಟರುಗಳಿಗೆ ವಿಎಂವೇರ್ ಕಂಪನಿ ಇದನ್ನು 1999ರಲ್ಲಿ ಇಳಿಸಿತು.

ಕಚೇರಿ ಕೆಲಸಕ್ಕೂ ಇದಕ್ಕೂ ನಂಟು ಬೆಳೆದದ್ದು ಬಾಟ್‌ಗಳ ಮೂಲಕ. ಬಾಟ್ ಎಂದರೆ ಲೋಹದ ರೋಬಾಟ್ ಅಲ್ಲ, ಗುಮಾಸ್ತರಂತೆ ಪರದೆ ನೋಡಿ ಗುಮಾಸ್ತರಂತೆಯೇ ಕ್ಲಿಕ್ ಮಾಡುವ ತಂತ್ರಾಂಶ. ಇಮೇಲ್ ತೆರೆದು, ಇನ್‌ವಾಯ್ಸಿನ ಮೊತ್ತ ಓದಿ, ಲೆಕ್ಕದ ತಂತ್ರಾಂಶಕ್ಕೆ ತುಂಬಿ, ‘ಸಬ್‌ಮಿಟ್’ ಒತ್ತುತ್ತದೆ. ಅದಕ್ಕೂ ತನ್ನದೇ ಆದ ಒಂದು ಪರದೆ, ಒಂದು ಲಾಗಿನ್ ಬೇಕು. ಮನುಷ್ಯರು ಬಳಸುವ ಕಂಪ್ಯೂಟರಿನಲ್ಲೇ ಕೂರಿಸಿದರೆ ಇಬ್ಬರೂ ಒಂದೇ ಮೌಸಿಗೆ ಕಿತ್ತಾಡಬೇಕಾಗುತ್ತದೆ. ಪ್ರತಿ ಬಾಟ್‌ಗೂ ಹೊಸ ಕಂಪ್ಯೂಟರ್ ಕೊಳ್ಳುವುದು ದುಬಾರಿ. ಹಾಗಾಗಿ ಒಂದೊಂದಕ್ಕೂ ಒಂದು ವರ್ಚುವಲ್ ಮಷೀನ್. ಜಿಎಸ್‌ಟಿ ವಿವರ ಸಲ್ಲಿಸುವ 20ನೇ ತಾರೀಕು ಹತ್ತಿರ ಬಂದಾಗ ಹತ್ತಿದ್ದ ಬಾಟ್‌ಗಳು ಮಧ್ಯಾಹ್ನದೊಳಗೆ ನೂರಾಗಬಹುದು, 21ಕ್ಕೆ ಮತ್ತೆ ಹತ್ತಾಗಬಹುದು. ಉಪಯೋಗ ನಿಜವಾದದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಅನೇಕರ ಉದ್ಯೋಗವೇ ಹೊರದೇಶದ ಕಂಪನಿಗಳಿಗಾಗಿ ಇಂಥ ಬಾಟ್‌ಗಳನ್ನು ಬರೆಯುವುದು, ಕಾಯುವುದು.

ಹತ್ತು ನೂರಾಗುವುದು ಹೇಗೆ? ಒಂದೊಂದನ್ನೂ ಹೊಸದಾಗಿ ಕಟ್ಟುವುದಿಲ್ಲ. ಎಲ್ಲವನ್ನೂ ಸರಿಯಾಗಿ ಹೊಂದಿಸಿಟ್ಟ ಒಂದು ಮಾದರಿ ಪ್ರತಿ ಇರುತ್ತದೆ. ಆ ವೃತ್ತಿಯವರು ಅದನ್ನು ‘ಗೋಲ್ಡನ್ ಇಮೇಜ್’ ಎನ್ನುತ್ತಾರೆ, ನಾವು ಅಚ್ಚು ಎನ್ನೋಣ. ಅದರಿಂದ ಬೇಕಾದಷ್ಟು ಪಡಿಯಚ್ಚು ತೆಗೆಯುತ್ತಾರೆ. ವಠಾರದ ಹೋಲಿಕೆ ಮುರಿದುಬೀಳುವುದು ಇಲ್ಲೇ. ವಠಾರದಲ್ಲಿ ಹತ್ತು ಮನೆಗೆ ಹತ್ತು ಸಂಸಾರ, ಇಲ್ಲಿ ನೂರು ಮನೆಯಲ್ಲೂ ಅದೇ ಒಂದು ಸಂಸಾರ.

ಎಲ್ಲವೂ ಒಂದೇ ಆಗಿದ್ದರೆ ಏನಾಗುತ್ತದೆ? ನಂಜನಗೂಡಿನ ರಸಬಾಳೆಯ ಕಥೆ ನಮಗೆ ಗೊತ್ತು. ಬಾಳೆ ಬೀಜದಿಂದ ಹುಟ್ಟುವುದಿಲ್ಲ, ತಾಯಿಗಿಡದ ಬುಡದ ಕಂದಿನಿಂದ ಹುಟ್ಟುತ್ತದೆ. ಹಾಗಾಗಿ ತೋಟದ ಅಷ್ಟೂ ಗಿಡಗಳು ಒಂದೇ ಗಿಡದ ಪಡಿಯಚ್ಚು. ಮಣ್ಣಿನ ಶಿಲೀಂಧ್ರವೊಂದರಿಂದ ಬರುವ ಪನಾಮ ಸೊರಗು ರೋಗ ಒಂದು ಗಿಡವನ್ನು ಮಣಿಸಲು ಕಲಿತರೆ ಸಾಕು, ಉಳಿದ ಗಿಡಗಳಿಗೆ ಬೇರೆ ಕೀಲಿ ಬೇಕಿಲ್ಲ. ರಸಬಾಳೆ ಆ ರೋಗಕ್ಕೆ ಸಿಕ್ಕೇ ಅಳಿವಿನಂಚಿಗೆ ಬಂತು. ರುಚಿಯಲ್ಲಿ, ಸುವಾಸನೆಯಲ್ಲಿ ಎಳ್ಳಷ್ಟೂ ಕೊರತೆ ಇಲ್ಲದ ತಳಿ ಅದು. ಅದನ್ನು ಸೋಲಿಸಿದ್ದು ಎಲ್ಲ ಗಿಡವೂ ಒಂದೇ ಆಗಿದ್ದದ್ದು.

ಇದನ್ನು ಲೆಕ್ಕದಲ್ಲೂ ನೋಡಬಹುದು. ಒಂದು ಕಚೇರಿಯಲ್ಲಿ ನೂರು ಗುಮಾಸ್ತರಿದ್ದಾರೆ, ಪ್ರತಿಯೊಬ್ಬರೂ ಸರಾಸರಿ ನೂರು ದಿನಕ್ಕೊಮ್ಮೆ ರಜೆ ಹಾಕುತ್ತಾರೆ ಎನ್ನೋಣ. ಒಬ್ಬರ ರಜೆಗೂ ಇನ್ನೊಬ್ಬರ ರಜೆಗೂ ಸಂಬಂಧವಿಲ್ಲದಿದ್ದರೆ, ನೂರೂ ಜನ ಒಂದೇ ದಿನ ಬಾರದಿರುವ ಸಾಧ್ಯತೆ ಒಂದರ ಮುಂದೆ ಇನ್ನೂರು ಸೊನ್ನೆ ಬರೆದರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು. ಅಂದರೆ ಆಗುವುದೇ ಇಲ್ಲ. ಈಗ ಅಷ್ಟೇ ಅಪರೂಪಕ್ಕೆ ಕೈಕೊಡುವ ನೂರು ಪಡಿಯಚ್ಚು ಯಂತ್ರಗಳನ್ನು ತೆಗೆದುಕೊಳ್ಳಿ. ಅವು ಕೈಕೊಡುವ ಕಾರಣ ಅಚ್ಚಿನಲ್ಲೇ ಇದ್ದರೆ, ನೂರೂ ಒಟ್ಟಿಗೆ ನಿಲ್ಲುವ ಸಾಧ್ಯತೆ ಒಂದು ಯಂತ್ರ ನಿಲ್ಲುವ ಸಾಧ್ಯತೆಯಷ್ಟೇ: ನೂರರಲ್ಲಿ ಒಂದು. ಪರಮಾಣು ಸ್ಥಾವರಗಳ ಸುರಕ್ಷತೆಯನ್ನು ಲೆಕ್ಕ ಹಾಕುವವರು ಇದನ್ನು ‘ಸಮಾನ ಕಾರಣದ ವೈಫಲ್ಯ’ ಎಂದು ಕರೆದು ದಶಕಗಳಿಂದ ಪ್ರತ್ಯೇಕವಾಗಿ ಎಣಿಸುತ್ತ ಬಂದಿದ್ದಾರೆ. ಒಂದು ಪಂಪಿಗೆ ಬದಲಿಯಾಗಿ ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದು ಪಂಪ್ ಇಟ್ಟರೆ ಸುರಕ್ಷತೆ ಇಮ್ಮಡಿಯಾಗುವುದಿಲ್ಲ ಎಂಬುದು ಅವರಿಗೆ ಹಳೆಯ ಪಾಠ. ಕಚೇರಿ ಕೆಲಸವನ್ನು ಯಂತ್ರಕ್ಕೆ ವಹಿಸುವವರ ಯೋಜನಾ ವರದಿಗಳಲ್ಲಿ ಈ ಲೆಕ್ಕ ಕಾಣುವುದು ಅಪರೂಪ. ಅಲ್ಲಿರುವುದು ಎಷ್ಟು ಮಾನವ-ಗಂಟೆ ಉಳಿಯಿತು ಎಂಬ ಲೆಕ್ಕ.

ನಿಂತುಹೋಗುವುದು ಇದ್ದುದರಲ್ಲಿ ವಾಸಿ, ಏಕೆಂದರೆ ನಿಂತದ್ದು ಕಣ್ಣಿಗೆ ಕಾಣುತ್ತದೆ. ನಿಲ್ಲದೆ ತಪ್ಪು ಮಾಡುತ್ತ ಹೋದರೆ? ಒಬ್ಬ ಗುಮಾಸ್ತರು ತೆರಿಗೆಯ ದರವನ್ನು ತಪ್ಪಾಗಿ ತಿಳಿದುಕೊಂಡರೆ ಮಧ್ಯಾಹ್ನದ ಊಟದೊಳಗೆ ಮೂವತ್ತು ಬಿಲ್ಲು ಕೆಡಬಹುದು. ಅಷ್ಟರಲ್ಲಿ ಪಕ್ಕದವರು ‘ಇದೇನ್ರೀ ಇದು?’ ಎಂದು ಕೇಳಿರುತ್ತಾರೆ. ಬಿಲ್ಲಿಗೆ ಒಂದು ನಿಮಿಷದಂತೆ ನೂರು ಬಾಟ್‌ಗಳು ಹಗಲೂ ರಾತ್ರಿ ನಡೆದರೆ ದಿನಕ್ಕೆ 1,44,000 ಬಿಲ್ಲು. ಪಕ್ಕದವರು ಯಾರೂ ಇರುವುದಿಲ್ಲ.

2024ರ ಜುಲೈ 19ರ ಶುಕ್ರವಾರ ಇಂಥದೊಂದು ಸಮಾನ ಕಾರಣ ಇಡೀ ಜಗತ್ತಿಗೆ ತನ್ನ ಮುಖ ತೋರಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ತನ್ನ ಗ್ರಾಹಕರ ವಿಂಡೋಸ್ ಯಂತ್ರಗಳಿಗೆ ಒಂದು ಪುಟ್ಟ ಕಡತ ಕಳಿಸಿತು. ಆ ಕಡತ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಯಂತ್ರದಲ್ಲಿದ್ದ ತಂತ್ರಾಂಶ ಒದಗಿಸುತ್ತಿದ್ದದ್ದು 20. ಇಲ್ಲದ 21ನೆಯದನ್ನು ಓದಲು ಹೋದ ಯಂತ್ರ ಕುಸಿಯಿತು. ಮರಳಿ ಚಾಲೂ ಮಾಡಿದರೆ ಮತ್ತೆ ಅದೇ ಕಡತ ಓದಿ ಮತ್ತೆ ಕುಸಿಯಿತು. 78 ನಿಮಿಷಗಳಲ್ಲಿ ಕಂಪನಿ ಕಡತವನ್ನು ವಾಪಸು ಪಡೆಯಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ಯಂತ್ರಗಳು ಬಿದ್ದಿದ್ದವು. ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ನೂರಕ್ಕೆ ಒಂದು ಪಾಲೂ ಅಲ್ಲ.

ನಮ್ಮಲ್ಲಿ ಆ ದಿನದ ನೆನಪಾಗಿ ಉಳಿದದ್ದು ವಿಮಾನ ನಿಲ್ದಾಣಗಳಲ್ಲಿ ಕೊಟ್ಟ ಕೈಬರಹದ ಬೋರ್ಡಿಂಗ್ ಪಾಸ್. ಹೆಚ್ಚು ಕಲಿಸುವ ದೃಷ್ಟಾಂತ ಅಮೆರಿಕದ ಡೆಲ್ಟಾ ವಿಮಾನಯಾನದ್ದು. ಅವರ ಮುಖ್ಯಸ್ಥರೇ ಹೇಳಿದಂತೆ ಸುಮಾರು 40,000 ಸರ್ವರ್‌ಗಳನ್ನು ಕೈಯಿಂದ ಸರಿಪಡಿಸಬೇಕಾಯಿತು. ಉಳಿದ ಕಂಪನಿಗಳು ಒಂದೆರಡು ದಿನಗಳಲ್ಲಿ ಎದ್ದವು. ಡೆಲ್ಟಾ ಐದು ದಿನಗಳಲ್ಲಿ ಏಳು ಸಾವಿರ ಹಾರಾಟಗಳನ್ನು ರದ್ದು ಮಾಡಿತು, ಸುಮಾರು 50 ಕೋಟಿ ಡಾಲರ್ ಕಳೆದುಕೊಂಡಿತು. ಕಾರಣ, ಯಾವ ಪೈಲಟ್, ಯಾವ ಗಗನಸಖಿ ಈಗ ಯಾವ ಊರಿನಲ್ಲಿದ್ದಾರೆ ಎಂದು ಲೆಕ್ಕವಿಟ್ಟು ಮುಂದಿನ ವಿಮಾನಕ್ಕೆ ನಿಯೋಜಿಸುವ ತಂತ್ರಾಂಶ. ಯಂತ್ರಗಳು ಎದ್ದ ಮೇಲೂ ಅದಕ್ಕೆ ಬಾಕಿ ಬಿದ್ದ ಬದಲಾವಣೆಗಳನ್ನು ಅರಗಿಸಿಕೊಳ್ಳಲಾಗಲಿಲ್ಲ. ಅದು ಹಳೆಯದನ್ನು ಮುಗಿಸುವಷ್ಟರಲ್ಲಿ ಇನ್ನಷ್ಟು ಹಾರಾಟಗಳು ರದ್ದಾಗಿ ಹೊಸ ಬಾಕಿ ಸೇರುತ್ತಿತ್ತು. ನಿಂತ ಯಂತ್ರ ಎದ್ದರೂ ನಿಂತ ಕೆಲಸ ಅದರ ಜೊತೆಗೇ ಏಳುವುದಿಲ್ಲ.

ಅದೇ ದಿನ ವರ್ಚುವಲ್ ಮಷೀನ್‌ಗಳ ಪಾಡಿನಲ್ಲಿ ಒಂದು ತಮಾಷೆಯೂ ಇತ್ತು. ಮಾಮೂಲಿ ಕಂಪ್ಯೂಟರಾದರೆ ತಂತ್ರಜ್ಞರು ಮೇಜಿನ ಬಳಿ ಹೋಗಿ ಕೂತು ಕಡತ ಅಳಿಸಬಹುದು. ತೋರಿಕೆಯ ಯಂತ್ರಕ್ಕೆ ಮೇಜೇ ಇಲ್ಲವಲ್ಲ! ಕೆಲವು ಗ್ರಾಹಕರಿಗೆ ಮೈಕ್ರೋಸಾಫ್ಟ್ ಕೊಟ್ಟ ಸಲಹೆ: ಮರುಚಾಲೂ ಮಾಡುತ್ತಲೇ ಇರಿ, ಹದಿನೈದು ಸಲದವರೆಗೂ ಬೇಕಾಗಬಹುದು.

ಇನ್ನು ವಠಾರದ ಮಾಲೀಕರ ಕಡೆಗೆ ಬರೋಣ. ಮನೆಮನೆಗೂ ಬೀಗ ಎಷ್ಟೇ ಗಟ್ಟಿಯಿರಲಿ, ಮಾಲೀಕರ ಬೀಗದಕೈ ಗೊಂಚಲು ಕಳುವಾದರೆ ಅವೆಲ್ಲ ವ್ಯರ್ಥ. 2023ರ ಫೆಬ್ರವರಿಯಲ್ಲಿ ‘ಇಎಸ್‌ಎಕ್ಸ್‌ಐ ಆರ್ಗ್ಸ್’ ಎಂಬ ಒತ್ತೆಹಣದ ದಾಳಿ ಯುರೋಪು, ಅಮೆರಿಕಗಳಲ್ಲಿ ಹಬ್ಬಿತು. ದಾಳಿಕೋರರು ಒಂದೊಂದು ಕಂಪ್ಯೂಟರಿನ ಹಿಂದೆ ಬೀಳಲಿಲ್ಲ, ನೇರವಾಗಿ ವಿಎಂವೇರ್ ಹೈಪರ್‌ವೈಸರಿನ ಮೇಲೆಯೇ ಬಿದ್ದರು. ಹೈಪರ್‌ವೈಸರಿಗೆ ಪ್ರತಿ ವರ್ಚುವಲ್ ಮಷೀನೂ ಒಂದು ದೊಡ್ಡ ಕಡತವಷ್ಟೇ. ಆ ಕಡತಕ್ಕೆ ಗೂಢಲಿಪಿಯ ಬೀಗ ಜಡಿದರೆ ಒಳಗಿನ ಸಂಸಾರವೆಲ್ಲ ಒತ್ತೆ. ಅಮೆರಿಕದ ಸರಕಾರಿ ಸಂಸ್ಥೆಗಳ ಲೆಕ್ಕದಲ್ಲಿ ಜಗತ್ತಿನಾದ್ಯಂತ ಸುಮಾರು 3,800 ಸರ್ವರ್‌ಗಳು ಹೀಗೆ ಸಿಕ್ಕಿಕೊಂಡವು. ಒಂದೊಂದು ಸರ್ವರಿನಲ್ಲೂ ಹತ್ತಾರು ಯಂತ್ರಗಳಿರಬಹುದು ಎಂಬುದನ್ನು ಮರೆಯಬಾರದು. ದಾಳಿಕೋರರು ನುಸುಳಿದರೆಂದು ನಂಬಲಾದ ಬಿರುಕಿಗೆ ವಿಎಂವೇರ್ 2021ರ ಫೆಬ್ರವರಿಯಲ್ಲೇ ತೇಪೆ ಕೊಟ್ಟಿತ್ತು. ಎರಡು ವರ್ಷ ಅದನ್ನು ಹಾಕಿಕೊಳ್ಳದಿದ್ದವರು ಸೋಮಾರಿಗಳೆಂದೇನೂ ಅಲ್ಲ. ಮಾಲೀಕರನ್ನು ಮಲಗಿಸದೆ ಶಸ್ತ್ರಚಿಕಿತ್ಸೆ ಮಾಡುವುದು ಕಷ್ಟ, ಮಾಲೀಕರು ಮಲಗಿದರೆ ವಠಾರವೇ ಕತ್ತಲಾಗಬಹುದು. ಹಗಲಿರುಳೂ ಬಾಟ್ ಓಡಿಸುವ ಕಡೆ ‘ಇವತ್ತು ರಾತ್ರಿ ಎರಡು ಗಂಟೆ ನಿಲ್ಲಿಸುತ್ತೇವೆ’ ಎಂದು ಹೇಳುವ ಧೈರ್ಯ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಯಾಂತ್ರೀಕರಣ ಹೆಚ್ಚಿದಷ್ಟೂ ದುರಸ್ತಿಗೆ ಬಿಡುವು ಕುಗ್ಗುತ್ತದೆ.

ಇದು ದೂರದ ಮಾತಲ್ಲ. 2024ರ ಜುಲೈ 31ರಂದು ನಮ್ಮ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಯುಪಿಐ ಹಣ ಕಳಿಸಲಾಗದೆ, ಎಟಿಎಂನಲ್ಲಿ ಹಣ ತೆಗೆಯಲಾಗದೆ ಪರದಾಡಿದರು. ಬಹುಪಾಲು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಇವುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿಯ ಮೇಲೆ ಒತ್ತೆಹಣದ ದಾಳಿ ನಡೆದಿತ್ತು. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯನ್ನು ತನ್ನ ಜಾಲದಿಂದ ತುಂಡರಿಸಿತು, ಮರುದಿನ ಮತ್ತೆ ಜೋಡಿಸಿತು. ಬೆಂಗಳೂರಿನಲ್ಲಿ ಕಚೇರಿಯಿರುವ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯಂತೆ ದಾಳಿಯ ಸರಪಳಿ ಶುರುವಾದದ್ದು ಸಹಯೋಗಿ ಕಂಪನಿಯೊಂದರಲ್ಲಿ ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ಜೆಂಕಿನ್ಸ್ ಸರ್ವರಿನಿಂದ. ಜೆಂಕಿನ್ಸ್‌ನ ಕೆಲಸವಾದರೂ ಏನು? ತಂತ್ರಾಂಶ ತಯಾರಿಸಿ ಹಂಚುವ ಕೆಲಸವನ್ನು ತಾನೇ ತಾನಾಗಿ ನಡೆಸುವುದು. ಯಾಂತ್ರೀಕರಣದ ಉಪಕರಣವೇ ಬಾಗಿಲಾಯಿತು. ಮುನ್ನೂರು ಬ್ಯಾಂಕು, ಮುನ್ನೂರು ಆಡಳಿತ ಮಂಡಳಿ, ಮುನ್ನೂರು ಲೆಕ್ಕಪರಿಶೋಧನಾ ವರದಿ. ಕೆಳಗಿನ ಬುನಾದಿ ಮಾತ್ರ ಒಂದೇ.

ಹಾಗಾದರೆ ಯಂತ್ರಗಳನ್ನು ಬೇರೆಬೇರೆಯಾಗಿ ಇಟ್ಟರೆ ಮುಗಿಯಿತೇ? ಅಷ್ಟು ಸುಲಭವಿಲ್ಲ ಎಂಬುದಕ್ಕೆ ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ನೈಟ್ ಕ್ಯಾಪಿಟಲ್ ಸಾಕ್ಷಿ. 2012ರ ಆಗಸ್ಟ್ 1ರಂದು ಅದರ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ತಂತ್ರಾಂಶ ಬಂದಿತ್ತು, ಎಂಟನೆಯದನ್ನು ಮರೆತಿದ್ದರು. 2003ರಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಆ ಎಂಟನೆಯದರಲ್ಲಿ ಇನ್ನೂ ಉಸಿರಾಡುತ್ತಿತ್ತು. ಮಾರುಕಟ್ಟೆ ತೆರೆಯುತ್ತಲೇ ಅದು ಎದ್ದು, ತಾನು ಕೊಟ್ಟ ಆದೇಶ ಈಡೇರಿತೋ ಇಲ್ಲವೋ ನೋಡದೆ ಮತ್ತೆ ಮತ್ತೆ ಷೇರು ಕೊಳ್ಳಲು, ಮಾರಲು ಆರಂಭಿಸಿತು. ತಂತ್ರಜ್ಞರು ತಪ್ಪು ಹೊಸ ತಂತ್ರಾಂಶದಲ್ಲಿದೆ ಎಂದು ಭಾವಿಸಿ, ಆರೋಗ್ಯವಾಗಿದ್ದ ಏಳರಿಂದಲೂ ಅದನ್ನು ಕಿತ್ತುಹಾಕಿದರು. ಅಂದರೆ ಏಳನ್ನೂ ಎಂಟನೆಯದರ ಪಡಿಯಚ್ಚು ಮಾಡಿದರು! 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು, 46 ಕೋಟಿ ಡಾಲರ್ ನಷ್ಟ. ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆ ತಾನಾಗಿ 97 ಇಮೇಲ್‌ಗಳಲ್ಲಿ ದೋಷವನ್ನು ಹೆಸರಿಸಿತ್ತು ಎಂದು ಷೇರುಪೇಟೆ ನಿಯಂತ್ರಕರ ತನಿಖೆ ಹೇಳುತ್ತದೆ. ಅವನ್ನು ಯಾರೂ ಓದಿ ಕ್ರಮ ಕೈಗೊಳ್ಳಲಿಲ್ಲ. ದಿನವೂ ಬರುವ ಯಂತ್ರದ ಇಮೇಲನ್ನು ಯಾರು ಓದುತ್ತಾರೆ, ಹೇಳಿ.

ನನ್ನ ಮಟ್ಟಿಗೆ ಮುಖ್ಯ ಸಂಗತಿ ಆ ಏಳು ಸರ್ವರ್‌ಗಳಲ್ಲಿದೆ. ಯಂತ್ರವೇನೋ ತಪ್ಪಿತು, ಅದನ್ನು ತಿದ್ದಲು ಬಂದವರಿಗೆ ಒಳಗೆ ಏನು ನಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ. ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1983ರಲ್ಲೇ ಇದನ್ನು ಗುರುತಿಸಿದ್ದರು. ಅವರ ಪ್ರಬಂಧದ ಹೆಸರನ್ನು ‘ಯಾಂತ್ರೀಕರಣದ ವ್ಯಂಗ್ಯಗಳು’ ಎಂದು ಅನುವಾದಿಸಬಹುದು. ಅವರ ವಾದ ಸರಳ: ಯಂತ್ರ ಸುಲಭದ ಕೆಲಸವನ್ನೆಲ್ಲ ತೆಗೆದುಕೊಂಡು ಕಷ್ಟದ್ದನ್ನು ಮನುಷ್ಯರಿಗೆ ಬಿಡುತ್ತದೆ. ಕಷ್ಟದ್ದನ್ನು ನಿಭಾಯಿಸುವ ಕೈಚಳಕ ಬರುವುದು ದಿನವೂ ಸುಲಭದ್ದನ್ನು ಮಾಡುತ್ತಿದ್ದರೆ ಮಾತ್ರ. ಹತ್ತು ವರ್ಷ ಬಾಟ್ ನಡೆಸಿದ ಕಚೇರಿಯಲ್ಲಿ ಆ ಕೆಲಸವನ್ನು ಕೈಯಾರೆ ಮಾಡಿ ಗೊತ್ತಿದ್ದವರು ನಿವೃತ್ತರಾಗಿರುತ್ತಾರೆ. ಬಾಟ್ ಬರೆದವರು ಎರಡು ಕಂಪನಿ ದಾಟಿರುತ್ತಾರೆ. ಉಳಿಯುವುದು ಪರದೆಯ ಮೇಲಿನ ಹಸಿರು ದೀಪ ನೋಡಲು ಕಲಿತವರು. ಒಂದು ಸಂಸ್ಥೆ ಬಾಟ್‌ಗಳ ಮೊದಲ ವರ್ಷದಲ್ಲಿ ಅನುಭವಿಸುವ ಸುರಕ್ಷತೆ ಬಹುಮಟ್ಟಿಗೆ ಹಳೆಯ ಗುಮಾಸ್ತರ ಜ್ಞಾನದಿಂದ ಬಂದ ಸಾಲ. ಅದು ವರ್ಷವರ್ಷವೂ ಕರಗುತ್ತದೆ, ಯಾವ ಲೆಕ್ಕಪತ್ರದಲ್ಲೂ ಕರಗಿದ್ದು ಕಾಣುವುದಿಲ್ಲ.

ಈಗ ಇದಕ್ಕೆ ಹೊಸದೊಂದು ಪದರ ಸೇರುತ್ತಿದೆ. ಹಳೆಯ ಬಾಟ್ ದಡ್ಡ. ಪರದೆಯಲ್ಲಿ ಒಂದು ಬಟನ್ ಜಾಗ ಬದಲಿಸಿದರೆ ‘ಸಿಗುತ್ತಿಲ್ಲ’ ಎಂದು ನಿಂತುಬಿಡುತ್ತಿತ್ತು. ಅದನ್ನು ಬಳಸುವವರಿಗೆ ಅದೇ ದೊಡ್ಡ ತಲೆನೋವು. ಆದರೆ ಹಾಗೆ ನಿಲ್ಲುವುದೇ ಒಂದು ಫ್ಯೂಸ್ ಆಗಿತ್ತು. ಏನೋ ಬದಲಾಗಿದೆ ಎಂದು ಯಾರಾದರೂ ಬಂದು ನೋಡುತ್ತಿದ್ದರು. 2024ರ ಕೊನೆಯಿಂದ ಪರದೆಯನ್ನು ‘ನೋಡಿ ಅರ್ಥಮಾಡಿಕೊಂಡು’ ಮೌಸ್ ಆಡಿಸುವ ಎಐ ಬಾಟ್‌ಗಳು ಬರುತ್ತಿವೆ. ಅವನ್ನು ಕೂರಿಸುವುದೂ ಇದೇ ವರ್ಚುವಲ್ ಮಷೀನ್‌ಗಳಲ್ಲಿ. ಬಟನ್ ಜಾಗ ಬದಲಿಸಿದರೆ ಅವು ಹುಡುಕಿಕೊಳ್ಳುತ್ತವೆ. ಸಿಗದಿದ್ದರೆ ಹತ್ತಿರದ್ದನ್ನು ಒತ್ತಿ ಮುಂದುವರಿಯಲೂಬಹುದು. ನಿಲ್ಲುವ ಯಂತ್ರದ ಬದಲು ಊಹಿಸುವ ಯಂತ್ರ. ನೂರೂ ಪಡಿಯಚ್ಚುಗಳಲ್ಲಿ ಇರುವುದು ಒಂದೇ ಮಾದರಿಯಾದ್ದರಿಂದ ಊಹೆ ತಪ್ಪಿದರೆ ನೂರೂ ಒಂದೇ ಕಡೆಗೆ ವಾಲುವ ಸಂಭವ ಹೆಚ್ಚು.

ಪರಿಹಾರಗಳು ಗೊತ್ತಿಲ್ಲದವೇನಲ್ಲ. ಹೊಸ ಅಚ್ಚನ್ನು ನೂರಕ್ಕೂ ಒಮ್ಮೆಲೇ ಹಾಕದೆ ಮೊದಲು ಎರಡಕ್ಕೆ ಹಾಕಿ ಒಂದು ದಿನ ಕಾಯುವುದು. ಜುಲೈ 19ರ ನಂತರ ಕ್ರೌಡ್‌ಸ್ಟ್ರೈಕ್ ಅಂಥ ಹಂತಹಂತದ ಹಂಚಿಕೆಗೆ ಇಳಿಯಿತು. ಗಂಟೆಗೆ ಇಷ್ಟೇ ಬಿಲ್ಲು, ಇಷ್ಟೇ ಮೊತ್ತ, ಮೀರಿದರೆ ನಿಲ್ಲು ಎಂಬ ಮಿತಿ. ಹೈಪರ್‌ವೈಸರಿನ ಬೀಗದಕೈಯನ್ನು ಕಚೇರಿಯ ಸಾಮಾನ್ಯ ಲಾಗಿನ್ ವ್ಯವಸ್ಥೆಯಿಂದ ಬೇರೆ ಇಡುವುದು. ಒಂದು ಬ್ಯಾಕಪ್ ಬೇರೆ ಕಂಪನಿಯಲ್ಲಿ. ಇವೆಲ್ಲ ವೇಗವನ್ನು ತುಸು ತಗ್ಗಿಸುತ್ತವೆ, ಖರ್ಚನ್ನು ತುಸು ಏರಿಸುತ್ತವೆ. ವರ್ಚುವಲ್ ಮಷೀನ್‌ಗಳನ್ನು ಕೊಂಡದ್ದೇ ವೇಗಕ್ಕೆ, ಉಳಿತಾಯಕ್ಕೆ. ಬಜೆಟ್ ಸಭೆಯಲ್ಲಿ ಮೊದಲು ಬೀಳುವುದು ಇವೇ.

ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನ ತನ್ನ ನಿರ್ದೇಶನದಲ್ಲಿ, ಐಟಿ ಸೇವೆಗಳನ್ನು ಹೊರಗುತ್ತಿಗೆ ಕೊಡುವ ಬ್ಯಾಂಕುಗಳು ಒಂದೇ ಕಂಪನಿಯ ಮೇಲೆ ಅತಿಯಾಗಿ ಅವಲಂಬಿಸುವ ಅಪಾಯವನ್ನು ಅಳೆಯಬೇಕು ಎಂದಿದೆ. ಒಳ್ಳೆಯದು. ವಿಪತ್ತು ನಿರ್ವಹಣೆಯ ತಾಲೀಮುಗಳೂ ನಡೆಯುತ್ತವೆ. ಆದರೆ ವಾಡಿಕೆಯ ತಾಲೀಮಿನಲ್ಲಿ ಒಂದು ಊರಿನ ಡೇಟಾ ಕೇಂದ್ರ ನಿಲ್ಲಿಸಿ ಇನ್ನೊಂದು ಊರಿನದಕ್ಕೆ ಬದಲಿಸುತ್ತಾರೆ. ಬೆಂಕಿಗೆ, ಪ್ರವಾಹಕ್ಕೆ ಅದು ಸರಿಯಾದ ಮದ್ದು. ಅಚ್ಚಿನಲ್ಲಿರುವ ತಪ್ಪಿಗೆ ಅಲ್ಲ. ಏಕೆಂದರೆ ಎರಡನೆಯ ಊರಿನಲ್ಲಿ ಕಾದು ಕೂತಿರುವುದೂ ಅದೇ ಅಚ್ಚಿನ ಪ್ರತಿ.

ಸೆಪ್ಟೆಂಬರ್ ಹೊತ್ತಿಗೆ ನಮ್ಮ ಊರೂರಿನ ಸಹಕಾರಿ ಬ್ಯಾಂಕುಗಳ ವಾರ್ಷಿಕ ಮಹಾಸಭೆ ನಡೆಯುತ್ತದೆ. ಲೆಕ್ಕಪತ್ರ ಓದಿ ಅಂಗೀಕಾರ ಪಡೆದು, ಉಪ್ಪಿಟ್ಟು ಕಾಫಿಗೆ ಏಳುವ ಮುನ್ನ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಇರುತ್ತದೆ. ಡಿವಿಡೆಂಡ್ ಎಷ್ಟು ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬಹುದು. ನಮ್ಮ ಬ್ಯಾಂಕಿನ ವ್ಯವಸ್ಥೆ ನಡೆಯುವ ಅದೇ ಬುನಾದಿಯ ಮೇಲೆ ಇನ್ನೆಷ್ಟು ಬ್ಯಾಂಕುಗಳಿವೆ? ಆ ವ್ಯವಸ್ಥೆ ಇಡೀ ದಿನ ನಿಂತರೆ, ಕೌಂಟರಿನಲ್ಲಿ ಪೆನ್ನು ಕಾಗದದಿಂದ ಎಷ್ಟು ಜನರಿಗೆ ಹಣ ಕೊಡಬಲ್ಲೆವು, ಮತ್ತು ಹಾಗೆ ಕೊನೆಯ ಸಲ ಮಾಡಿ ನೋಡಿದ್ದು ಯಾವ ತಾರೀಕು?